ಅಪ್ಪಂದು ಇನ್ನೂ ಸ್ವಲ್ಪ

"ಕ್ಯಾಮೆರಾ ಒಯ್ಯಬ್ಯಾಡ್ರಿ ಪಂಢರಿ. ಅದು ನನ್ನ ಅನ್ನ."

"ವಿಡಿಯೋ ಮನಸಿಗೆ ಬರೋ ಹಂಗ ಮಾಡ್ರಿ, ನಿಮ್ಮ ಅನ್ನ ನಾನೇ ತಂದು ಮುಟ್ಟಸ್ತೇನಿ," ಎಂದ ಪಂಢರಿ, ಕ್ಯಾಮೆರಾದ ಚೀಲ ಹೆಗಲಿಗೇರಿಸಿ ತನ್ನೂರು ಮೆಹಕರದ ಬಸ್ಸಿನತ್ತ ನಡೆದೇಬಿಟ್ಟ.

ಕ್ರಿಸ್ತಪ್ಪ ಎದ್ದು ತಡೆಯಬಹುದಿತ್ತು. ಆದರೆ ಗಿರಾಕಿಯ ಕೊರಳಪಟ್ಟಿ ಹಿಡಿದ ಫೋಟೋಗ್ರಾಫರನನ್ನು ಭಾಲ್ಕಿಯಲ್ಲಿ ಮತ್ತೆ ಯಾರೂ ಮದುವೆಗೆ ಕರೆಯುವುದಿಲ್ಲ.

ಭಾನುವಾರ ಔರಾದಿನಲ್ಲಿ ಮದುವೆಯಿತ್ತು. ಆ ಬರಗಾಲದ ಬೇಸಿಗೆಯಲ್ಲಿ ಅವನ ಪಾಲಿಗೆ ಉಳಿದಿದ್ದ ಒಂದೇ ಮದುವೆ. ಸ್ಟುಡಿಯೋದ ಮಾಲೀಕ ಶಟರ್ ಎಳೆದು ಹೈದರಾಬಾದಿಗೆ ಹೋದ ಮೇಲೆ ಕ್ರಿಸ್ತಪ್ಪ ಸ್ವತಂತ್ರನಾಗಿದ್ದ. ಅಂದರೆ, ಯಾರು ಬೇಕಾದರೂ ಕಟ್ಟಿಹಾಕಬಹುದಾದಷ್ಟು ಸ್ವತಂತ್ರ. ಗೆಳೆಯ ಸಲಾವೋದ್ದೀನನ ಝೆರಾಕ್ಸ್ ಅಂಗಡಿಯ ಹಿಂದಿನ ಮೂಲೆಯೇ ಈಗ ಅವನ ಸ್ಟುಡಿಯೋ. ಕ್ಯಾಮೆರಾ ಇಲ್ಲದೆ ಔರಾದಿನ ಮದುವೆಯೂ ತಪ್ಪಿದರೆ, ಅವನೂ ಹೈದರಾಬಾದಿನ ಬಸ್ಸು ಹತ್ತುವುದೇ.

ವಿಚಿತ್ರವೆಂದರೆ, ಪಂಢರಿಯ ಮದುವೆಯಾದ ವಾರಕ್ಕೆ ಕ್ರಿಸ್ತಪ್ಪ ವಿಡಿಯೋ ಒಯ್ದು ಕೊಟ್ಟಾಗ ಅವನು ಮೀಸೆ ತಿರುವಿ, "ಫಸ್ಟ್ ಕ್ಲಾಸ್ ಆಗೇದ್ರಿ," ಎಂದಿದ್ದ. ಮುಂದೆ ಕೆಲವು ವಾರ ಸುದ್ದಿಯಿರಲಿಲ್ಲ. ಆಮೇಲೆ ಒಂದು ದಿನ ಬಂದ. ಮೀಸೆ ಮಾಯ, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್, ಹೊಸ ತಗಾದೆ. ಪುಣೆಗೆ ದುಡಿಯಲು ಹೋದವರು ತಂದ ಫ್ಯಾಷನ್ ಇರಬೇಕೆಂದುಕೊಂಡ ಕ್ರಿಸ್ತಪ್ಪ. ಮೀಸೆ ಹೋದ ಜಾಗದಲ್ಲಿ ಮೊಂಡುತನ ಬೆಳೆದಿತ್ತು.

ಸಲ ಸಲಕ್ಕೂ ತಗಾದೆ ಒಂದೇ. "ಅಪ್ಪಂದು ಇನ್ನೂ ಸ್ವಲ್ಪ ಇರಲಿ."

ಅಪ್ಪ ಎಂದರೆ ಗೋರಖನಾಥ. ಮಗನ ತಲೆಗೆ ಅಕ್ಷತೆ ಬೀಳುವಾಗ ಆತ ಮಂಟಪದಲ್ಲೇ ಇರಲಿಲ್ಲ. ನೀರಿನ ಟ್ಯಾಂಕರಿಗೆ ಕಾವಲು ನಿಂತು, ಎರಡೆರಡು ಸಲ ಕೈ ತೊಳೆದವರನ್ನೆಲ್ಲ ಬಯ್ಯುತ್ತಿದ್ದ. "ಏ ಖೋಡಿ, ನೀರು ತುಪ್ಪ ಅಂತ ತಿಳದು ಬಡಸು." ಹೆಂಡತಿಯನ್ನೂ ಬಿಟ್ಟಿರಲಿಲ್ಲ. "ಏ ಕೌಸಲ್ಯಾ, ಚರಗಿ ತುಂಬ ಯಾಕ, ಅರ್ಧ ಸಾಕು." ಪ್ರತಿ ಬೈಗುಳದ ತುದಿಗೆ ಒಂದು ಕೆಮ್ಮು, ಅರ್ಜಿಯ ಕೆಳಗಿನ ಸಹಿಯಂತೆ.

ಪಂಢರಿಯ ಮಾತಿನಂತೆ ಅಪ್ಪನಿಗೆ ಜಾಗ ಮಾಡಲು ವಿಡಿಯೋದಿಂದ ಮೊದಲು ಗೆಳೆಯರ ಕುಣಿತ ಹೋಯಿತು. ಆಮೇಲೆ ಬೀಗರ ಭೇಟಿ, ಬ್ಯಾಂಡು, ಕಡೆಗೆ ಊಟದ ಪಂಕ್ತಿ. ಮದುಮಗಳು ಊಟದ ಮೇಲಿನ ಬಡೆಸೋಪಿನಷ್ಟು ಉಳಿದಳು. ಮದುವೆಯ ವಿಡಿಯೋ ಮಾವನ ವಿಡಿಯೋ ಆಯಿತು. ಹಳ್ಳಿಯಲ್ಲಿ ಅಪ್ಪನನ್ನು ದೊಡ್ಡಮನುಷ್ಯನಾಗಿ ತೋರಿಸುವ ಹುನ್ನಾರ ಎಂದು ಕ್ರಿಸ್ತಪ್ಪ ಹಲ್ಲು ಕಡಿದ.

ಇವತ್ತು ಅವನಿಗೂ ಸಾಕಾಗಿತ್ತು. "ಇನ್ನ ನಿಮ್ಮ ಅಪ್ಪಾರು ಉಳದಿಲ್ರಿ. ಇದ್ದಷ್ಟೂ ಹಾಕೇನಿ," ಎಂದಿದ್ದ.

ಪಂಢರಿ ಬಹಳ ಹೊತ್ತು ಪರದೆಯನ್ನೇ ನೋಡಿದ್ದ. "ಕ್ಯಾಮೆರಾದಾಗ ಇರ್ತಾರ, ಹುಡುಕ್ರಿ," ಎಂದಿದ್ದ. ಇಲ್ಲವೆಂದಾಗಲೇ ಚೀಲಕ್ಕೆ ಕೈ ಹಾಕಿದ್ದು.

ಆ ಮುದುಕನನ್ನೇ ಕರೆಸಿ ನ್ಯಾಯ ಕೇಳೋಣವೆಂದರೆ ಅವನು ಎಲ್ಲೂ ಕಾಣುತ್ತಿರಲಿಲ್ಲ. ಆ ವರ್ಷ ಕಾಣದವರೆಲ್ಲ ಪುಣೆಯಲ್ಲಿದ್ದರು. ಯಾರು ಎಲ್ಲಿಗೆ ಹೋದರೆಂದು ಮನೆಯವರನ್ನು ಕೇಳುವ ರೂಢಿಯೂ ನಿಂತುಹೋಗಿತ್ತು. ಕೇಳಿದರೆ ಉಳಿದವರ ಮುಖ ಬಾಡುತ್ತಿತ್ತು.

"ಆ ಮುದುಕ ನಿನ್ನ ಕಿವ್ಯಾಗ ಮನಿ ಮಾಡ್ಯಾನ," ಎಂದ ಸಲಾವೋದ್ದೀನ. "ಒಂದೀಟು ಬಾಯಾಗೂ ತಂದು ನೋಡಪಾ."

ಕ್ರಿಸ್ತಪ್ಪನ ಕಣ್ಣು ಮಿನುಗಿತು. ಬೀದರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಹಾಜರಿ ಕರೆದು, ಅವರು ಬರುವ ಮೊದಲೇ ತರಗತಿ ಬಿಡಿಸಿದ್ದವನು ಅವನು. ಸಲಾವೋದ್ದೀನನ ಫೋನು ತೆಗೆದುಕೊಂಡು ಗಂಟಲು ಸರಿಮಾಡಿಕೊಂಡ.

"ಏ ಪಂಢ್ಯಾ." ಕೆಮ್ಮು. "ಮಂದೀ ಫೋನಿನಾಗ ಮಾತಾಡ್ಲಿಕತ್ತೇನಿ, ಲಗೂನ ಕೇಳು. ಆ ಕ್ರಿಸ್ತಪ್ಪನ ಕ್ಯಾಮೆರಾ ಕೊಟ್ಟು ಬಾ. ಮೊದಲ ಬರಗಾಲ, ಅದರಾಗ ಅವನ್ನ ಬ್ಯಾರೆ ಯಾಕ ಒಣಗಸ್ತಿ, ಖೋಡಿ."

ಫೋನಿಗೆ ಕಿವಿಯಾನಿಸಿದ್ದ ಸಲಾವೋದ್ದೀನ ನಗು ತಡೆಯಲು ಕರವಸ್ತ್ರ ಕಚ್ಚಿ ಹಿಡಿದಿದ್ದ.

"ಹ್ಞೂ ಅಪ್ಪಾ." ಪಂಢರಿಯ ದನಿ ಸಣ್ಣದಾಗಿತ್ತು. "ನಾಳಿಗಿ ಕೊಡ್ತೇನಿ."

ಗೆದ್ದಾಯಿತು. ಫೋನು ಇಟ್ಟುಬಿಡಬಹುದಿತ್ತು. ಪಂಢರಿ ಬಿಡಲಿಲ್ಲ.

"ಅಪ್ಪಾ, ಅವ್ವಗ ಏನರ ಹೇಳೂದದ ಏನು?"

ಕ್ರಿಸ್ತಪ್ಪ ಬೆವರಿದ. ಬಾಯಿಗೆ ಬಂದದ್ದು ಒಂದೇ. "ಏ ಕೌಸಲ್ಯಾ, ಚರಗಿ ತುಂಬ ಯಾಕ, ಅರ್ಧ ಸಾಕು ಅಂತ ಹೇಳು."

ಫೋನಿನೊಳಗೆ ಚರಗಿಯೊಂದು ಉರುಳಿದ ಸದ್ದಾಯಿತು.

"ಇನ್ನೂ ಸ್ವಲ್ಪ ಮಾತಾಡಪ್ಪಾ," ಎಂದ ಪಂಢರಿ.

ಕ್ರಿಸ್ತಪ್ಪ ಗಾಬರಿಯಾಗಿ ಕೆಮ್ಮಿ, ಫೋನು ಕಟ್ ಮಾಡಿದ.

ಮರುದಿನ ಅಂಗಡಿಯ ಮುಂದೆ ಆಟೋ ನಿಂತಿತು. ಪಂಢರಿ ಒಬ್ಬನೇ ಇಳಿದು ಬಂದು, ಕ್ಯಾಮೆರಾದ ಚೀಲವನ್ನು ಮಲಗಿದ ಮಗುವನ್ನು ಇಡುವಂತೆ ಮೇಜಿನ ಮೇಲಿಟ್ಟ.

"ನಾಳಿಗಿ ಕೊಡ್ತೇನಿ ಅಪ್ಪಾ," ಎಂದು ಸಲಾವೋದ್ದೀನನ ಬಾಯಿಂದ ಪಂಢರಿಯದೇ ರಾಗ ಜಾರಿಬಿಟ್ಟಿತು.

ಪಂಢರಿ ಕ್ರಿಸ್ತಪ್ಪನ ಕಡೆ ತಿರುಗಿದ. ಏಟು ಬೀಳುವುದು ಖಚಿತವೆಂದು ಕ್ರಿಸ್ತಪ್ಪ ಕುರ್ಚಿ ಹಿಂದೆ ಸರಿಸಿದ, ಹಿಂದೆ ಗೋಡೆ. ಅಷ್ಟರಲ್ಲಿ ಪಂಢರಿ ನಕ್ಕ. ಸಲಾವೋದ್ದೀನ ನಕ್ಕ. ಬದುಕಿದೆನೆಂದು ಕ್ರಿಸ್ತಪ್ಪನೂ ನಕ್ಕ. ಮೂವರಲ್ಲಿ ಪಂಢರಿಯ ನಗುವೇ ಜೋರು. ಝೆರಾಕ್ಸಿಗೆ ಬಂದವರು ಇಣುಕಿ ನೋಡುವಷ್ಟು ಜೋರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ತಲೆಯ ಟವೆಲ್ ಎಳೆದ.

ಬೋಳಿಸಿದ ತಲೆಯ ಮೇಲೆ ಕೂದಲು ಎಳ್ಳುಕಾಳಿನಷ್ಟು ಚಿಗುರಿತ್ತು.

"ಅಪ್ಪ ತೀರಿಕೊಂಡು ತಿಂಗಳ ಮ್ಯಾಲಾತ್ರಿ," ಎಂದ ಪಂಢರಿ, ನಗುತ್ತಲೇ. "ನಿನ್ನಿ ಸ್ಪೀಕರ್ ಹಚ್ಚಿದ್ದೆ. ಅವ್ವ ಆಟೋದಾಗ ಕುಂತಾಳ, ಒಳಗ ಕರೀಲೇನ್ರಿ? ಇನ್ನೂ ಸ್ವಲ್ಪ ಬೈಸಿಕೋಬೇಕಂತ."