ಇಪ್ಪತ್ತು ಮುಖದ ದಾಳ

ಪ್ರತಿ ಭಾನುವಾರ ಮಧ್ಯಾಹ್ನ ಗೆಳೆಯರು ಒಬ್ಬೊಬ್ಬರೂ ಒಬ್ಬ ಯೋಧನಾಗಿ, ದಾಳ ಎಸೆದು ಆಡುವ ಆಟ. ಸುಹಾಸನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನಿಗೆ ಬಿದ್ದ ಅಂಕಿಯನ್ನು ಗೆಳೆಯ ಚಿನ್ಮಯ ಓದಿ ಹೇಳುತ್ತಿದ್ದ. ಎರಡು ವರ್ಷದಲ್ಲಿ ಆಟದೊಳಗೆ ಸುಹಾಸನ ಹನ್ನೊಂದು ಮಂದಿ ಯೋಧರು ಸತ್ತಿದ್ದರು.

"ನಿನ್ ಕೈಗುಣಾನೇ ಸರಿ ಇಲ್ಲ ಕಣೋ" ಎಂದು ಎಲ್ಲರೂ ನಗುತ್ತಿದ್ದರು.

ದಾಳ ಸಾಲುತ್ತಿಲ್ಲವೆಂದು ಈ ವಾರ ಅವನೇ ಗುಂಪಿಗೆ ಇನ್ನಷ್ಟು ಕೊಂಡು ತಂದ. ಅವುಗಳ ಅಂಕಿಗಳು ಉಬ್ಬಿದ್ದವು, ಬೆರಳಿಗೆ ತಿಳಿಯುತ್ತಿದ್ದವು. ಅದನ್ನು ಆಮೇಲೆ ಹೇಳಿ ಬೆರಗುಗೊಳಿಸಬೇಕೆಂದು ಸುಮ್ಮನಿದ್ದ.

ಹನ್ನೆರಡನೆಯ ಯೋಧ ಬದುಕಲು ಹದಿನೈದಾದರೂ ಬೀಳಬೇಕಿತ್ತು. ಎಸೆದ. ದಾಳ ಅಲುಗದಂತೆ ಬೆರಳಿಟ್ಟು ನೋಡಿದ. ಇಪ್ಪತ್ತು! ಖುಷಿ ಅದುಮಿಕೊಂಡು ಕೈ ತೆಗೆದ.

"ಎಷ್ಟೋ ಚಿನ್ಮಯ?"

"ಅಯ್ಯೋ, ಮೂರು! ಇವನೂ ಹೋದ ಕಣೋ."

ಬಗ್ಗಿ ದಾಳವನ್ನೇ ನೋಡುತ್ತಿದ್ದ ಉಳಿದ ನಾಲ್ವರೂ ನಕ್ಕರು.