ದೊಡ್ಡ ಸೊಸೆಯನ್ನು ಬದಲಾಯಿಸಿದವರಿಗೆ

“ಬರಿ,” ಎಂದರು ಅತ್ತೆ. “ನೀವು ಮೋಸಗಾರರು. ಮೊದಲನೇ ಸಾಲೇ ಅದಿರ್ಲಿ.”

ಸೊಸೆ ಬರೆದಳು. ಟಿ.ವಿ. ಚಾನೆಲ್ಲಿನವರಿಗೆ ಹೋಗಬೇಕಾದ ಪತ್ರ. ಐದೂವರೆಯ ಧಾರಾವಾಹಿಯ ದೊಡ್ಡ ಸೊಸೆಯ ಪಾತ್ರಕ್ಕೆ ಸೋಮವಾರದಿಂದ ಬೇರೆ ನಟಿ ಬಂದಿದ್ದಳು. ಪರದೆಯ ಕೆಳಗೆ ಎರಡು ಸಾಲಿನ ಪ್ರಕಟಣೆ ಓಡಿತು, ಅಷ್ಟೇ. ಅಂದಿನಿಂದ ಅತ್ತೆ ಸರಿಯಾಗಿ ಉಂಡಿರಲಿಲ್ಲ. ಧಾರಾವಾಹಿಯೆಂದರೆ ಅವರಿಗೆ ಆಟವಲ್ಲ. ಕಥೆಯ ಖಳನ ಹಾಗೆ ಮೀಸೆ ಬಿಟ್ಟಿದ್ದಾನೆಂದು ಮೂಲೆಯಂಗಡಿಯವನ ಹತ್ತಿರ ಸೋಪು ಕೊಳ್ಳುವುದನ್ನೇ ನಿಲ್ಲಿಸಿದ್ದವರು. ಎರಡು ಬೀದಿ ಆಚೆಯಿಂದ ಸೋಪು ತರುವ ಕೆಲಸ ಸೊಸೆಯದು.

ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ಸೊಸೆಯ ಕಣ್ಣು ಕಾಗದದ ಮೇಲೆ, ಕಿವಿ ಮೂಲೆಯ ಫೋನಿನ ಮೇಲೆ. ಗ್ರಂಥಾಲಯದವರು ಇವತ್ತು ಆರರೊಳಗೆ ತಿಳಿಸುತ್ತೇವೆ ಎಂದಿದ್ದರು. ಪುಸ್ತಕಗಳ ಪಟ್ಟಿ ಮಾಡುವ ಕೆಲಸ. ಇರುವುದು ಒಂದೇ ಹುದ್ದೆ. ಹಲ್ಲುನೋವೆಂದು ಸುಳ್ಳು ಹೇಳಿ ಅವಳು ಸಂದರ್ಶನಕ್ಕೆ ಹೋಗಿಬಂದಿದ್ದಳು. ಕೆಲಸಕ್ಕೆ ಹೋಗಲೇ ಎಂದು ಮೊದಲು ನೇರವಾಗಿ ಕೇಳಿದಾಗ ಅತ್ತೆ, “ಈ ಮನೆಗೆ ಬಂದು ಆರು ವರ್ಷ ಆಯ್ತು. ಇಷ್ಟು ದಿನ ಇಲ್ಲದ ಹುಚ್ಚು ಈಗ್ಯಾಕೆ?” ಎಂದಿದ್ದರು. ಗಂಡ ಪತ್ರಿಕೆಯಿಂದ ತಲೆ ಎತ್ತಿರಲಿಲ್ಲ. ಆ ಲೆಕ್ಕವನ್ನು ಯಾರೂ ತಿದ್ದಿರಲಿಲ್ಲ.

“ಏನು ಯೋಚನೆ, ಗುಬ್ಬೀ?”

ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹೆಂಗಸು ಅವಳು. ಆದರೆ ಆ ಮನೆಯಲ್ಲಿ ಅವಳಿಗೆ ಗುಬ್ಬಿ ಎಂದೇ ಹೆಸರು. ಗಂಡನ ಬಾಯಿಗೂ ಬರುವುದು ಅದೇ.

“ಏನಿಲ್ಲ ಅತ್ತೆ. ಮುಂದೆ?”

“ಮುಂದೆ ಬರಿ. ಹೆಸರು ಅದೇ ಇಟ್ಟು ಆಳು ಬೇರೆ ತಂದ್ರೆ ನಮಗೆ ತಿಳಿಯೋದಿಲ್ಲ ಅಂದ್ಕೊಂಡ್ರಾ?” ಅತ್ತೆ ಉಸಿರೆಳೆದುಕೊಂಡರು. “ನಾವಿರ್ಲಿ, ಆ ಕಥೇಲಿರೋ ಮನೆಯವರಿಗಾದ್ರೂ ನಾಚಿಕೆ ಬೇಡ್ವಾ? ಬೆಳಗ್ಗೆ ಎದ್ದು ಬಂದವಳು ಬೇರೆ ಯಾರೋ. ಅವಳ ಗಂಡ ‘ಕಾಫಿ ಕೊಡು’ ಅಂತಾನೆ! ಅವನ ಕಣ್ಣಿಗೆ ಹೂವು ಬಿದ್ದಿದೆಯಾ?”

“ಕಣ್ಣಿಗೆ ಹೂವು... ಹಾಗೇ ಬರೀಲಾ?”

“ಹಾಗೇ ಬರಿ. ಅಲ್ಲೊಬ್ಬಳು ಅತ್ತೆ ಅನ್ನಿಸ್ಕೊಂಡವಳಿದಾಳಲ್ಲ, ಅವಳದ್ದು ದಪ್ಪಕ್ಷರದಲ್ಲಿ ಬರಿ. ಐದು ವರ್ಷ ಜೊತೇಲಿ ಉಂಡ ಸೊಸೆ ಹೋಗಿ ಇನ್ನೊಬ್ಬಳು ಬಂದ್ರೆ ಒಂದು ಹನಿ ಕಣ್ಣೀರಿಲ್ಲ. ‘ಬಾಮ್ಮ, ತಿಂಡಿ ಆಯ್ತಾ’ ಅಂತಾಳೆ. ಕಲ್ಲು ಮನಸ್ಸಿನವಳು!”

ಸೊಸೆ ದಪ್ಪಗೆ ಬರೆದಳು. ನಿಬ್ಬಿನ ತುದಿ ತಗುಲಿ ಕಾಗದ ಸ್ವಲ್ಪ ಹರಿಯಿತು.

“ಬಟ್ಟೆ ವಿಷಯ ಬಿಡ್ಬೇಡ. ಹಳೆಯವಳ ಬಟ್ಟೆಗಳನ್ನೇ ಇವಳಿಗೆ ತೊಡಿಸಿದಾರೆ, ಜಿಪುಣರು. ತೋಳು ಮೊಣಕೈ ಹತ್ರವೇ ನಿಂತಿದೆ. ನೋಡಿದ್ರೆ ನಗು ಬರುತ್ತೆ.”

ಸೊಸೆ ತನ್ನ ಸ್ವೆಟರಿನ ತೋಳನ್ನು ಮಣಿಕಟ್ಟಿನ ಕಡೆಗೆ ಎಳೆದಳು. ಅದು ಬರಲಿಲ್ಲ.

“ಹಳೆಯವಳು ಎಂಥ ನಟಿ!” ಅತ್ತೆಯ ದನಿ ಒದ್ದೆಯಾಯಿತು. “ಅವಳು ಆಸ್ಪತ್ರೆ ಸೇರಿದ ಕಂತು ನೆನಪಿದೆಯಾ? ನಾನೂ ನೀನೂ ಇಲ್ಲೇ ಕೂತು ಹೋ ಅಂತ ಅತ್ತಿದ್ವಿ. ಒಲೆ ಮೇಲಿಟ್ಟ ಹಾಲೆಲ್ಲ ಸೀದು ಹೋಗಿತ್ತು.”

“ಹೂಂ, ಅತ್ತೆ.”

ಆ ಕಂತನ್ನು ಅವಳು ನೋಡಿರಲಿಲ್ಲ. ಆ ಮನೆಯಲ್ಲಿ ‘ಇಲ್ಲ’ ಎಂದರೆ ಮಾತು ಬೆಳೆಯುತ್ತಿತ್ತು. ‘ಹೂಂ’ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು.

“ಹೊಸಬಳ ತಪ್ಪೇನಿದೆ, ಅತ್ತೆ?” ಎಂದಳು ಮೆಲ್ಲಗೆ. “ಪಾಪ, ಅವಳಿಗೂ ಅವಳದೇ ಒಂದು ಹೆಸರಿರುತ್ತಲ್ಲ.”

“ಇರುತ್ತೆ. ಆ ಪ್ರಕಟಣೇಲಿ ಹಾಕಿದ್ರಲ್ಲ. ಅದನ್ನೆಲ್ಲ ಯಾರು ಓದ್ತಾ ಕೂತ್ಕೋತಾರೆ?” ಅತ್ತೆ ದಿಂಬು ಸರಿಮಾಡಿಕೊಂಡರು. “ಶುರುವಾಗೋಷ್ಟರಲ್ಲಿ ಟೀ ತಾ. ಸಕ್ಕರೆ ನೋಡ್ಕೊಂಡು ಹಾಕು. ಮೊದಲೆಲ್ಲ ಎಷ್ಟು ಹದವಾಗಿ ಮಾಡ್ತಿದ್ದೆ! ಈಗೀಗ ನಿನ್ನ ಕೈ ಕೆಟ್ಟಿದೆ.”

ಸೊಸೆ ಫೋನನ್ನೊಮ್ಮೆ ನೋಡಿ ಎದ್ದಳು. ಸ್ಟವ್ವಿನ ಭರ್ರೆನ್ನುವ ಸದ್ದಿನಲ್ಲಿ ಅದು ಬಡಿದುಕೊಂಡದ್ದು ಅವಳಿಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ಅತ್ತೆಯ ಗಟ್ಟಿ ದನಿ. ಲೋಟ ಬಿಟ್ಟು ಓಡಿಬಂದಾಗ ಅವರು ರಿಸೀವರ್ ಕೆಳಗಿಡುತ್ತಿದ್ದರು.

“ಯಾರತ್ತೆ?”

“ರಾಂಗ್ ನಂಬರು. ಯಾವಳನ್ನೋ ಕೇಳಿದ್ರು. ಅಂಥ ಹೆಸರಿನವರು ಈ ಮನೇಲಿ ಯಾರೂ ಇಲ್ಲ ಅಂದೆ. ಲೈಬ್ರರಿ ಕೆಲಸವಂತೆ. ಅವಳು ಸಿಗದೇ ಹೋದ್ರೆ ಪಟ್ಟೀಲಿ ಎರಡನೆಯವರಿಗೆ ಕೊಟ್ಬಿಡ್ತೀವಿ ಅಂದ್ರು. ಧಾರಾಳವಾಗಿ ಕೊಡಿ ಅಂದೆ.” ಅತ್ತೆ ಟಿ.ವಿ. ಹಾಕಿದರು. “ಹೆಸರು ಎಲ್ಲೋ ಕೇಳಿದ ಹಾಗಿತ್ತು. ಯಾವುದೋ ಧಾರಾವಾಹೀದೇ ಇರ್ಬೇಕು.”

ಸೊಸೆ ಸೋಫಾಗೂ ಟಿ.ವಿ.ಗೂ ನಡುವೆಯೇ ಹಾದುಹೋದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ರಿಸೀವರ್ ಎತ್ತಿ, ಬಾಯಿಪಾಠವಾಗಿದ್ದ ಅಂಕೆಗಳನ್ನು ಒತ್ತಿದಳು.

“ಗ್ರಂಥಾಲಯವಾ? ಈಗ ನೀವು ಕೇಳಿದ್ದು ನನ್ನನ್ನೇ. ಆ ಕೆಲಸ ಇನ್ನೊಬ್ಬರಿಗೆ ಕೊಡ್ಬೇಡಿ. ನಾಳೆಯಿಂದಲೇ ಬರ್ತೀನಿ.”

ಆಮೇಲೆ ತನ್ನ ಪೂರ್ತಿ ಹೆಸರನ್ನು, ಒಂದೊಂದೇ ಅಕ್ಷರ ಬಿಡಿಸಿ, ಹೇಳಿದಳು.

“ಗುಬ್ಬೀ!” ಅತ್ತೆ ಗಾಬರಿಯಲ್ಲಿ ಎದ್ದೇ ನಿಂತರು. “ಯಾರದೋ ಹೆಸರು ಹೇಳ್ಕೊಂಡು ಅವರ ಜಾಗದಲ್ಲಿ ಹೋಗಿ ಕೂತ್ಕೋತೀಯಾ? ಮಾನ ಮರ್ಯಾದೆ ಬೇಡ್ವೇನೇ ನಿಂಗೆ?”

ಗುಬ್ಬಿ, ಅವರ ಮಗನ ಮೊದಲ ಹೆಂಡತಿ, ತೀರಿಕೊಂಡು ಒಂದೂವರೆ ವರ್ಷವಾಗಿತ್ತು; ಫೋನು ಹಿಡಿದು ನಿಂತವಳು ಆ ಮನೆಗೆ ಬಂದು ಬರೀ ಎಂಟು ತಿಂಗಳು.