ದೋಣಿ ಕೊಳ್ಳುವವರಿಗೆ ಒಂದು ಪ್ರಶ್ನೆ

ಅಳಿವೆಯ ಹಿನ್ನೀರಿನಲ್ಲಿ ಸಂಜೆ ಸುತ್ತಾಡಲು ಆ ಹಳೆಯ ಹಾಯಿದೋಣಿಯೇ ಸರಿ ಎಂದು ದಿನಕರನಿಗೆ ನೋಡಿದೊಡನೆ ಅನಿಸಿತು. ಮಾರಲಿದ್ದ ಮುದುಕಿ ಅವನು ಕೂರಲೆಂದು ದೋಣಿಯ ಹಲಗೆಯನ್ನು ಸೆರಗಿನಿಂದ ಒರೆಸಿದಳು. ಬೆಳಿಗ್ಗೆ ಬಂದಿದ್ದ ಇಬ್ಬರನ್ನು ಇವಳೇ ಬರಿಗೈಲಿ ಕಳಿಸಿದ್ದಳೆಂದು ಕೇಳಿ ಅವನಿಗೆ ಅಳುಕಿತ್ತು.

"ಈಸುಕೆ ಬತ್ತಾ ತಮ್ಮಾ?"

ನಾಲಿಗೆ ತುದಿಗೆ ಬಂದ ಸುಳ್ಳನ್ನು ಅವನು ನುಂಗಿಕೊಂಡ. "ಇಲ್ಲಮ್ಮ, ಈಜು ಬರೋದಿಲ್ಲ. ಕಲಿತೇ ಬರ್ತೇನೆ. ಅಲ್ಲಿವರೆಗೆ ಬೇರೆಯವರಿಗೆ ಮಾತ್ರ ಕೊಡಬೇಡಿ."

"ಕಲಿಯೂದೇನ್ ಬ್ಯಾಡ. ಇವತ್ತೇ ತಕಂಡ್ ಹೋಗು."

"ಮತ್ತೆ ಬೆಳಿಗ್ಗೆ ಬಂದವರಿಗೆ ಯಾಕೆ ಕೊಡಲಿಲ್ಲ?"

"ಅವ್ರಿಗೆ ಈಸುಕೆ ಬತ್ತಿತ್ತು," ಎಂದಳು ಮುದುಕಿ. "ಇದು ಮಗುಚಿದ ದಿನ ಈಸುಕೆ ಬಾರದ ನಾನು ಇದನ್ನೇ ತಬ್ಕಂಡು ಉಳ್ಕಂಡೆ. ಈಸುಕೆ ಬತ್ತಿದ್ದ ನಮ್ಮನೆಯೋರು, ದಡ ಇಲ್ಲೇ ಉಂಟಲ್ಲ ಅಂತ ಕೈಬಿಟ್ರು."